ಎಷ್ಟು ಸೆಂಟ್ಸ್ ಬಂತು?

ಜೂನ್ ಬಂತೆಂದರೆ ದಿನಾ ಬೆಳಿಗ್ಗೆ ಎಂಟೂಕಾಲಕ್ಕೆ ನನ್ನ ಫೋನಿಗೆ ಚಿಕ್ಕಮ್ಮನ ವಾಟ್ಸಾಪ್ ಬರುತ್ತದೆ. ಗುಡ್ ಮಾರ್ನಿಂಗ್ ಇಲ್ಲ, ಹೂವಿನ ಚಿತ್ರ ಇಲ್ಲ. ಬರೀ ಒಂದು ಸಂಖ್ಯೆ. '42.' ಮರುದಿನ '115.' ಮಳೆಯೇ ಬಾರದ ದಿನ '0'. ಅದನ್ನೂ ಬಿಡುವುದಿಲ್ಲ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕಾಫಿ ಬೆಳೆಯುವವರ ಬಾಯಲ್ಲಿ ಮಿಲಿಮೀಟರ್ ಬರುವುದು ಕಮ್ಮಿ. ಮಳೆ ಅಂದರೆ ಇಂಚು, ಇಲ್ಲವೇ ಸೆಂಟ್ಸ್. ಇಂಚಿಗೆ ನೂರು ಸೆಂಟ್ಸ್, ಅಂದರೆ 25.4 ಮಿಲಿಮೀಟರ್. ಅಂಗಳದಲ್ಲಿ ಒಂದು ಮಳೆಮಾಪಕ, ಒಳಗೆ ಒಂದು ಡೈರಿ. ಸಂತೆಯಲ್ಲಿ ಇಬ್ಬರು ತೋಟದವರು ಎದುರಾದರೆ ಆರೋಗ್ಯ ವಿಚಾರಿಸುವುದಕ್ಕೂ ಮೊದಲು ಕೇಳುವುದು, 'ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?'

ಆದರೆ ಚಿಕ್ಕಮ್ಮನಿಗೆ ಈಗ ತೋಟವೇ ಇಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದವಲ್ಲ, ಆಗ ಅವರ ಮನೆ, ಕಾಫಿ ಒಣಗಿಸುವ ಕಣ, ಮೂರು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಕ್ಕೆ ಹಬ್ಬಿದ್ದ ಕರಿಮೆಣಸು ಎಲ್ಲ ಕೆಸರಾಗಿ ಹೊಳೆಗೆ ಇಳಿಯಿತು. ಹದಿನೆಂಟು ವರ್ಷದ ಮಳೆ ಡೈರಿಗಳೂ ಅದರ ಜೊತೆ ಹೋದವು. ಈಗ ಪುನರ್ವಸತಿ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಗಿಡ ಅಂತ ಇರುವುದು ಪೇಂಟ್ ಬಕೆಟಿನಲ್ಲಿ ಎರಡು ಗಾಂಧಾರಿ ಮೆಣಸು. ಆ ಬಕೆಟಿನ ಪಕ್ಕದಲ್ಲೇ ಹೊಸ ಮಳೆಮಾಪಕ.

'ಯಾರಿಗೆ ಬೇಕು ಚಿಕ್ಕಮ್ಮ ಈ ಲೆಕ್ಕ?' ಎಂದು ಒಮ್ಮೆ ಕೇಳಿದೆ.

'ಬೇಡದಿದ್ರೆ ನೀನು ನೋಡ್ಬೇಡ' ಅಂದರು.

ನೋಡದೆ ಇರಲಾಗಲಿಲ್ಲ. ಯಾಕೆ ಅಳೆಯುತ್ತಾರೆ ಎಂಬ ಪ್ರಶ್ನೆಗೆ ನನಗೆ ಅರ್ಧ ಉತ್ತರ ಸಿಕ್ಕಿದ್ದು ನಾಯಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗದಲ್ಲಿ.

1967ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ಯುವ ಸಂಶೋಧಕರಿದ್ದರು. ಅವರು ನಾಯಿಗಳಿಗೆ ವಿದ್ಯುತ್ ಶಾಕ್ ಕೊಟ್ಟರು. (ಇವತ್ತು ಇಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ. ಸಿಗಬಾರದು ಕೂಡ.) ಒಂದು ಗುಂಪಿನ ನಾಯಿಗಳು ತಲೆಯಿಂದ ಪಕ್ಕದ ಹಲಗೆ ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ಇನ್ನೊಂದು ಗುಂಪಿಗೂ ಅಷ್ಟೇ ಶಾಕ್, ಅಷ್ಟೇ ಹೊತ್ತು. ಆದರೆ ಅವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ ಎರಡೂ ಗುಂಪನ್ನು ಬೇರೊಂದು ಪೆಟ್ಟಿಗೆಗೆ ಬಿಟ್ಟರು. ನಡುವೆ ಗಿಡ್ಡ ಅಡ್ಡಹಲಗೆ, ಹಾರಿದರೆ ಶಾಕ್ ಇಲ್ಲ. ಮೊದಲ ಗುಂಪು ಹಾರಿತು. ಎರಡನೆಯ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನಾಯಿಗಳು ಹಾರಲು ನೋಡಲೇ ಇಲ್ಲ. ಕುಂಯ್‌ಗುಟ್ಟುತ್ತಾ ಬಿದ್ದುಕೊಂಡವು.

ನೋವು ಎರಡೂ ಕಡೆ ಒಂದೇ ಆಗಿತ್ತು. ಹಾಗಾದರೆ ಆ ನಾಯಿಗಳನ್ನು ಕೆಡವಿದ್ದು ನೋವಲ್ಲ. 'ನಾನೇನು ಮಾಡಿದರೂ ಅಷ್ಟೇ' ಎಂಬುದನ್ನು ಅವು ಕಲಿತುಬಿಟ್ಟಿದ್ದವು. ಇದಕ್ಕೆ ಕಲಿತ ಅಸಹಾಯಕತೆ ಎಂದು ಹೆಸರಾಯಿತು, ಮನಶ್ಶಾಸ್ತ್ರದ ಪಠ್ಯಪುಸ್ತಕ ಸೇರಿತು.

ನನಗೆ ಇಷ್ಟವಾಗುವುದು ಆಮೇಲಿನ ಕಥೆ. ಮೇಯರ್ ಮುಂದೆ ಇಲಿಗಳ ಮಿದುಳನ್ನೇ ದಶಕಗಟ್ಟಲೆ ಕೆದಕಿದರು. 2016ರಲ್ಲಿ, ಹೆಚ್ಚುಕಡಿಮೆ ಐವತ್ತು ವರ್ಷದ ಮೇಲೆ, ಇಬ್ಬರೂ ಸೇರಿ ಒಂದು ಪ್ರಬಂಧ ಬರೆದು ತಮ್ಮದೇ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಅಸಹಾಯಕತೆಯನ್ನು ಯಾರೂ ಕಲಿಯಬೇಕಿಲ್ಲ, ಅದು ಮೊದಲಿನಿಂದಲೇ ಇರುತ್ತದೆ. ಹೊಡೆತ ತುಂಬಾ ಹೊತ್ತು ಬಿದ್ದರೆ ಮಿದುಳಿನ ಬುಡದ ಕಡೆ ಇರುವ ಡಾರ್ಸಲ್ ರಾಫೆ ಎಂಬ ಭಾಗ ಸೆರೊಟೋನಿನ್ ಎಂಬ ರಾಸಾಯನಿಕ ಸುರಿಸಿ ಕೈಕಾಲು ಆಡದ ಹಾಗೆ ಮಾಡುತ್ತದೆ. ಅದು ತಾನಾಗಿಯೇ ಆಗುವ ಕೆಲಸ. ಕಲಿಯಬೇಕಾದ್ದು ಅದರ ಎದುರು ಪಾಠ: 'ನಾನು ಮಾಡಿದ್ದರಿಂದ ಏನೋ ಒಂದು ಬದಲಾಯಿತು.' ಅದನ್ನು ಗುರುತಿಸುವುದು ಹಣೆಯ ಹಿಂದಿನ ಮಿದುಳು. ಗುರುತಿಸಿದ ಕೂಡಲೇ ಕೆಳಗಿನ ಆ ಭಾಗಕ್ಕೆ 'ಸಾಕು, ನಿಲ್ಲಿಸು' ಎಂದು ಹೇಳುತ್ತದೆ. ಒಮ್ಮೆ ಹೀಗೆ ಕಲಿತ ಪ್ರಾಣಿ ಮುಂದೆ ತನ್ನ ಕೈಯಲ್ಲಿಲ್ಲದ ಕಷ್ಟ ಬಂದರೂ ಬೇಗ ಕುಸಿಯುವುದಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ಪರಿಹಾರ ಕೇಂದ್ರದ ಅಡುಗೆಮನೆ.

ಚಿಕ್ಕಮ್ಮ ಅಲ್ಲಿಗೆ ಬಂದ ಮೊದಲೆರಡು ದಿನ ಚಾಪೆ ಬಿಟ್ಟು ಏಳಲಿಲ್ಲ. ಊಟ ತಂದುಕೊಡುವವರಿದ್ದರು, ಕಂಬಳಿ ಹೊದೆಸುವವರಿದ್ದರು, ರಾಶಿ ಬಿದ್ದ ಬಟ್ಟೆಯಲ್ಲಿ ಇವರ ಅಳತೆಯದನ್ನು ಆರಿಸಿ ತಂದುಕೊಡುವವರೂ ಇದ್ದರು. ಎಲ್ಲರೂ ಒಳ್ಳೆಯವರೇ. ಇವರು ಮಾಡಬೇಕಾದ್ದು ಮಾತ್ರ ಏನೂ ಇರಲಿಲ್ಲ. ಮೂರನೆಯ ದಿನ ನಾನು ಹೋದಾಗ ಚಾಪೆ ಖಾಲಿ. ಹುಡುಕಿದರೆ ಅಡುಗೆ ಮಾಡುವ ಕಡೆ ಈರುಳ್ಳಿ ಚೀಲದ ಎದುರು ಕೂತಿದ್ದಾರೆ. ಕಣ್ಣಲ್ಲಿ ನೀರು. ಈರುಳ್ಳಿಯದೋ ಬೇರೆಯದೋ, ಕೇಳುವ ಧೈರ್ಯ ಆಗಲಿಲ್ಲ. 'ಏನು ಮಾಡೋದು ಮಗಾ, ಕೈ ಸುಮ್ನೆ ಕೂರ್ತಿಲ್ಲ. ಇವ್ರು ಹೆಚ್ಚಿದ ಈರುಳ್ಳಿ ಒಂದೊಂದು ಬೆರಳು ದಪ್ಪ' ಅಂದರು. ಆ ಬೈಗುಳ ಕೇಳಿ ನನಗೆ ಸಮಾಧಾನವಾಯಿತು.

ಚಿಕ್ಕಮ್ಮನನ್ನು 'ಗಟ್ಟಿ ಹೆಂಗಸು' ಎಂದು ನೆಂಟರು ಹೊಗಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಗಟ್ಟಿ ಎನ್ನುವುದು ಹುಟ್ಟಿನಿಂದ ಬಂದ ಗುಣ ಎಂಬಂತೆ ಕೇಳಿಸುತ್ತದೆ. ಅಳುವವರೆಲ್ಲ ಮೆತ್ತಗಿನವರು ಅಂತಲೂ ಆಗುತ್ತದೆ. ಪೆಟ್ಟು ತಿಂದು ಚೇತರಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿರುವ ರಿಸಿಲಿಯನ್ಸ್ ಎಂಬ ಮಾತಿಗೆ ನಮ್ಮ ಪುಸ್ತಕಗಳಲ್ಲಿ ಸ್ಥಿತಿಸ್ಥಾಪಕತ್ವ ಅಂತಲೂ ಬರೆಯುತ್ತಾರೆ. ಹೈಸ್ಕೂಲಿನಲ್ಲಿ ಸ್ಪ್ರಿಂಗ್ ಎಳೆದು ಬಿಟ್ಟು ಕಲಿತ ಪದ ಅದು. ಸ್ಪ್ರಿಂಗ್ ಮೊದಲಿದ್ದ ಹಾಗೇ ಆಗುತ್ತದೆ, ಚಿಕ್ಕಮ್ಮ ಆಗಿಲ್ಲ. ಇದಕ್ಕೆ ನಮ್ಮೂರಲ್ಲಿ ದಿನಾ ಬಳಸುವ ಮಾತೇ ವಾಸಿ: 'ಸುಧಾರಿಸಿಕೊಂಡ್ರಾ?' ಗುಡ್ಡ ಹತ್ತಿ ಬಂದವರನ್ನೂ ಹಾಗೇ ಕೇಳುತ್ತೇವೆ, ಜ್ವರ ಬಿಟ್ಟವರನ್ನೂ, ಸಾವಿನ ಮನೆಯವರನ್ನೂ. ದಣಿವಾರಿಸಿಕೊಳ್ಳುವುದು, ಇದ್ದುದರಲ್ಲಿ ಹೊಂದಿಸಿಕೊಳ್ಳುವುದು, ಸ್ವಲ್ಪ ಮೇಲಾಗುವುದು ಮೂರೂ ಅದರಲ್ಲಿವೆ. ಮೊದಲಿನ ಹಾಗೇ ಆಗಬೇಕು ಎಂಬ ಒತ್ತಾಯ ಇಲ್ಲ.

ಹೀಗೆ ಸುಧಾರಿಸಿಕೊಳ್ಳುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ಮತ್ತು ಸಂಗಡಿಗರು ನ್ಯೂಯಾರ್ಕ್ ಸುತ್ತಮುತ್ತಲಿನ 2,752 ಜನರ ಮಾಹಿತಿ ಪರಿಶೀಲಿಸಿದರು. ದಾಳಿಯಾದ ಆರು ತಿಂಗಳಲ್ಲಿ ಶೇಕಡಾ 65ರಷ್ಟು ಜನರಲ್ಲಿ ಆಘಾತದ ಕಾಯಿಲೆಯ ಲಕ್ಷಣ ಒಂದೂ ಇರಲಿಲ್ಲ, ಇಲ್ಲವೇ ಒಂದು ಮಾತ್ರ ಇತ್ತು. ಅದೇ ಬೊನಾನೊ ನ್ಯೂಯಾರ್ಕಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ಇನ್ನೊಂದು ಅಧ್ಯಯನ ಮಾಡಿದ್ದಾರೆ. ಭಾವನೆಯನ್ನು ಹೊರಹಾಕು ಎಂದಾಗ ಹಾಕಲೂ, ತಡೆದುಕೋ ಎಂದಾಗ ತಡೆದುಕೊಳ್ಳಲೂ ಯಾರಿಗೆ ಬರುತ್ತದೋ, ಅವರು ಎರಡನೆಯ ವರ್ಷದ ಕೊನೆಗೆ ಕಡಿಮೆ ನರಳಿದ್ದರು. ಬರೀ ಅಳುವವರಿಗೆ, ಬರೀ ಹಲ್ಲು ಕಚ್ಚಿ ಕೂರುವವರಿಗೆ ಆ ಅನುಕೂಲ ಇರಲಿಲ್ಲ. ಚಿಕ್ಕಮ್ಮ ಅರ್ಜಿ ಹಿಡಿದು ಕಚೇರಿಯ ಕ್ಯೂನಲ್ಲಿ ನಿಂತಾಗ ಒಂದು ಹನಿ ಕಣ್ಣೀರು ಹಾಕಿದವರಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿ ಕಡೆ ತಿರುಗಿ ಬೇಕಾದಷ್ಟು ಅತ್ತಿದ್ದಾರೆ.

ನನ್ನ ಕಥೆ ಇದರ ಮುಂದೆ ಏನೂ ಅಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ನಾನಿದ್ದ ಕಂಪನಿ ಜನ ಕಡಿಮೆ ಮಾಡಿತು. ಹೋದವರಲ್ಲಿ ನಾನೂ ಒಬ್ಬ. ಅದಕ್ಕೆ ಎರಡೇ ತಿಂಗಳ ಮುಂಚೆ ಅದೇ ಕಂಪನಿ ನಮ್ಮನ್ನೆಲ್ಲ ಕೂರಿಸಿ 'ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ' ಎಂದು ಅರ್ಧ ದಿನ ತರಬೇತಿ ಕೊಟ್ಟಿತ್ತು. ಕಾಫಿ ಮಾತ್ರ ಚೆನ್ನಾಗಿತ್ತು. ಊರಿಗೆ ಬಂದು ಸುಂಟಿಕೊಪ್ಪದ ಕಡೆಯ ಅಪ್ಪನ ತೋಟ ನೋಡಿಕೊಳ್ಳತೊಡಗಿದೆ. ಮುಂದಿನ ವರ್ಷ ಮದುವೆಯೂ ಆಯಿತು.

ಆ ದಿನಗಳಲ್ಲಿ ನನಗೆ ವಿಪರೀತ ಸುಸ್ತು. ಮದುವೆಯಾದ ಖುಷಿ ಇದ್ದೂ ಯಾಕೆ ಹೀಗೆ ಎಂದು ಗೊತ್ತಾಗುತ್ತಿರಲಿಲ್ಲ. ಕಾರಣ 1967ರ ಇನ್ನೊಂದು ಕೆಲಸದಲ್ಲಿದೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ವೈದ್ಯರು ಬದುಕಿನ 43 ಬದಲಾವಣೆಗಳಿಗೆ ಅಂಕ ಹಚ್ಚಿದರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಕೆಲಸ ಹೋದರೆ 47. ಮನೆ ಬದಲಾಯಿಸಿದರೆ 20. ರಜೆಯ ಪ್ರವಾಸಕ್ಕೂ 13. ಮದುವೆಗೆ 50, ಅಂದರೆ ಕೆಲಸ ಹೋಗುವುದಕ್ಕಿಂತ ಮೂರು ಜಾಸ್ತಿ! ಹೆಂಡತಿಗೆ ಇದನ್ನು ತೋರಿಸಿದಾಗ 'ನಂಗೂ ಐವತ್ತು ಅಲ್ವಾ?' ಅಂದಳು. ಅಂಕಗಳನ್ನು ಹಾಗೇ ನಂಬಬೇಕಿಲ್ಲ, ಎಲ್ಲರಿಗೂ ಒಂದೇ ತಕ್ಕಡಿ ಆಗುವುದಿಲ್ಲ. ಆದರೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಹೊಸದಕ್ಕೆ ಹೊಂದಿಕೊಳ್ಳಲು ಮೈ ಖರ್ಚು ಮಾಡಲೇಬೇಕು ಎಂಬ ಮಾತು ನನಗೆ ಒಪ್ಪಿಗೆ.

ಆ ಖರ್ಚಿನ ಲೆಕ್ಕ ನನಗೆ ಅರ್ಥವಾದದ್ದು ಒಂದು ತಪ್ಪಿನಿಂದ. ಫೆಬ್ರವರಿಯಲ್ಲಿ ರೋಬಸ್ಟಾಕ್ಕೆ ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ ಬೇಕು. ಬರದಿದ್ದರೆ ಸ್ಪ್ರಿಂಕ್ಲರ್. ನಾನು ಕೆರೆಯಲ್ಲಿ ಎಷ್ಟು ನೀರಿದೆ ಎಂದು ಅಳೆಯದೆ ಮೋಟರ್ ಹಾಕಿದೆ. ಎರಡನೆಯ ಬ್ಲಾಕಿನ ಅರ್ಧಕ್ಕೆ ಕೆರೆ ತಳ ಕಂಡಿತು. ಪೂರ್ತಿ ನೆನೆದ ಕಡೆ ಹತ್ತು ದಿನಕ್ಕೆ ಮಲ್ಲಿಗೆ ಹಾಗೆ ಘಮ್ಮೆಂದು ಹೂ ಬಿಟ್ಟಿತು. ಅರೆಬರೆ ನೆನೆದ ಕಡೆ ಅಲ್ಲೊಂದು ಇಲ್ಲೊಂದು. ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಏನೂ ಹೇಳಲಿಲ್ಲ. ಮೊಗ್ಗು ಚಿವುಟಿ ನನ್ನ ಅಂಗೈಗೆ ಹಾಕಿ ಹೋದರು.

ಕಾಫಿ ಮೊಗ್ಗು ಸ್ವಲ್ಪ ಬೆಳೆದು ಮಳೆಯಿಲ್ಲದ ತಿಂಗಳುಗಳಲ್ಲಿ ನಿದ್ದೆ ಹೋಗುತ್ತದೆ. ಪಾಲೊ ಆಲ್ವಿಮ್ ಎಂಬ ಸಸ್ಯವಿಜ್ಞಾನಿ 1960ರಲ್ಲಿ ತೋರಿಸಿದ ಹಾಗೆ, ಗಿಡಕ್ಕೆ ಬಿಡದೆ ನೀರು ಕೊಡುತ್ತಿದ್ದರೆ ಅದು ಏಳುವುದೇ ಇಲ್ಲ. ಒಂದಷ್ಟು ದಿನ ಒಣಗಬೇಕು, ಆಮೇಲೆ ನೀರು ಬೀಳಬೇಕು. ಇದನ್ನು ಕೇಳಿದ ಕೂಡಲೇ ಯಾರಾದರೂ 'ಕಷ್ಟ ಬಂದರೇ ಹೂ ಅರಳುವುದು' ಎಂದು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಮಳೆ ಬಾರದೇ ಹೋದರೆ ಅದೇ ಮೊಗ್ಗು ಕರಟಿ ಉದುರುತ್ತದೆ. ಅರ್ಧ ಮಳೆ ಬಂದರೆ ನನ್ನ ಎರಡನೆಯ ಬ್ಲಾಕಿನ ಗತಿ. ನಮ್ಮ ಮೈಯ ಲೆಕ್ಕವೂ ಇದಕ್ಕೆ ಹತ್ತಿರ. ಒತ್ತಡ ಬಂದಾಗ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುವುದು ಒಳ್ಳೆಯದಕ್ಕೇ. ಅದು ಇಳಿಯದೆ ತಿಂಗಳುಗಟ್ಟಲೆ ನಿಂತರೆ ರಕ್ತದೊತ್ತಡ ಏರುತ್ತದೆ, ನಿದ್ದೆ, ನೆನಪು ಎಲ್ಲ ಸವೆಯುತ್ತವೆ. ಈ ಸವೆತಕ್ಕೆ ಬ್ರೂಸ್ ಮ್ಯಾಕ್ಇವೆನ್ ಎಂಬ ನರವಿಜ್ಞಾನಿ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ ಅಲೋಸ್ಟ್ಯಾಟಿಕ್ ಲೋಡ್ ಎಂದು ಹೆಸರಿಟ್ಟರು. ಸೋಂಬೇರಿತನ ಅಂದುಕೊಂಡದ್ದು ಎಷ್ಟೋ ಸಲ ಈ ಬಾಕಿಯೇ ಆಗಿರುತ್ತದೆ.

ಇನ್ನು ಒಣಗಿದ ಮನಸ್ಸಿಗೆ ನೀರು ಎಲ್ಲಿಂದ ಬರಬೇಕು? ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೆ ಹಿಂಬಾಲಿಸಿದರು. ಕಬ್ಬು, ಅನಾನಸ್ ತೋಟಗಳ ದ್ವೀಪ ಅದು, ಎಷ್ಟೋ ಮಕ್ಕಳು ತೋಟದ ಕೂಲಿಯವರ ಮಕ್ಕಳು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ದಡ ಸೇರಿದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಕೈಬಿಡದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿ ಆದರೂ ಸರಿ, ಮೇಷ್ಟ್ರು ಆದರೂ ಸರಿ, ಪಕ್ಕದ ಮನೆಯವರೂ ಸರಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಚಿಕ್ಕಮ್ಮ ಎದ್ದು ನಿಂತದ್ದಕ್ಕೆ ಮಿದುಳೊಂದೇ ಕಾರಣ ಅಲ್ಲ. ಅವರ ಹೆಸರಲ್ಲಿ ಜಾಗದ ದಾಖಲೆ ಇತ್ತು, ಬ್ಯಾಂಕ್ ಖಾತೆ ಇತ್ತು, ಅರ್ಜಿ ಬರೆಯಲು ನನ್ನಂಥವರು ಇದ್ದರು. ತೋಟದ ಮಾಲೀಕರು ಕೊಟ್ಟ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದ್ದ ಕೂಲಿಯವರಿಗೆ ಕಳೆದುಕೊಂಡ ಮನೆಯೂ ತಮ್ಮದಲ್ಲ. ಅವರಿಗೆ 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅನ್ನುವುದು ಕೆರೆ ತುಂಬಿಸದೆ ಮೋಟರ್ ಹಾಕಿದ ಹಾಗೆ.

ಹೋದ ಜುಲೈಯಲ್ಲಿ ಒಂದು ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಕರೆಂಟ್ ಇಲ್ಲ. ಶೀಟಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಒಂದು ಗಂಟೆಗೆ ಎಚ್ಚರವಾದಾಗ ಅವರು ಕೊಡೆ, ಟಾರ್ಚ್ ಹಿಡಿದು ಹೊರಗೆ ಹೋಗುತ್ತಿದ್ದರು. ವಾಪಸ್ ಬಂದು 'ಇನ್ನೂ ನೂರಾ ಇಪ್ಪತ್ತು. ಮಲಕ್ಕೋ' ಅಂದರು. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಬ್ಯಾಗ್ ತೂಗುತ್ತಿತ್ತು. ಒಳಗೆ ಆಧಾರ್, ಪಾಸ್‌ಬುಕ್, ಬಿ.ಪಿ. ಮಾತ್ರೆ, ಒಂದು ಸೀರೆ. ಒಂದೇ ದಿನಕ್ಕೆ ಐದು ಇಂಚು ದಾಟಿದರೆ ಬ್ಯಾಗ್ ಹೆಗಲಿಗೆ ಹಾಕಿ ಪೇಟೆಯಲ್ಲಿರುವ ಮಗಳ ಮನೆಗೆ ಹೊರಡುವುದು. ಇದು ಯಾವ ಇಲಾಖೆಯ ಲೆಕ್ಕವೂ ಅಲ್ಲ, ಅವರೇ ಮಾಡಿಕೊಂಡ ಗಡಿ. ಅದಕ್ಕಿಂತ ಕಡಿಮೆ ಇದ್ದರೆ ನಿದ್ದೆ ಮಾಡಬಹುದು. ಹಾಗಂದುಕೊಂಡ ಮೇಲೆಯೇ ಅವರಿಗೆ ಮಳೆಗಾಲದಲ್ಲಿ ನಿದ್ದೆ ಬರತೊಡಗಿದ್ದು.

ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ಹುಡುಗ ಬಂದ, ಐದನೆಯ ಕ್ಲಾಸ್. ಅವನ ಅಪ್ಪ ಅಮ್ಮ ಮೊದಲು ಲೈನ್ ಮನೆಯಲ್ಲಿದ್ದವರು. ಈಗ ಅಳೆಯುವ ಕೆಲಸ ಅವನದು. ಅಳತೆಯ ಗಾಜು ಒಂದು ಸಲಕ್ಕೆ ಐವತ್ತು ಸೆಂಟ್ಸ್ ಮಾತ್ರ ಹಿಡಿಯುತ್ತದೆ. ನಾಲ್ಕು ಸಲ ತುಂಬಿಸಿ ಚೆಲ್ಲಿದ, ಐದನೆಯದನ್ನು ಬೆಳಕಿಗೆ ಹಿಡಿದ.

'ಅಜ್ಜಿ, ಇನ್ನೂರ ಮೂವತ್ತು.'

'ಕಣ್ಣಿನ ನೇರಕ್ಕೆ ಹಿಡಿ. ಮೇಲಿಂದ ನೋಡ್ಬೇಡ.'

ಅವನು ಗಾಜನ್ನು ಜಗಲಿಯ ಮೇಲಿಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿದ.

'ಇಪ್ಪತ್ತಾರು.'

'ಹ್ಞಾ. ಬರಿ.'