ಬೀಟಾ ಅಂದರೇನು? ಹಾಕಿಕೊಳ್ಳಬೇಕಾ, ಬೇಡವಾ?

ಗ್ರೀಕ್ ಅಕ್ಷರಮಾಲೆಯಲ್ಲಿ ಆಲ್ಫಾ ಮೊದಲನೆಯದು, ಬೀಟಾ ಎರಡನೆಯದು. ಸಾಫ್ಟ್‌ವೇರ್ ಮಂದಿಯೂ ಅದೇ ಸಾಲು ಹಿಡಿದಿದ್ದಾರೆ. ಅಂತಿಮ ಆವೃತ್ತಿ ಬಿಡುವ ಮೊದಲು ಸಾಮಾನ್ಯವಾಗಿ ಕಂಪನಿಯ ಒಳಗಿನವರೇ ಪರೀಕ್ಷಿಸುವುದು ಆಲ್ಫಾ, ಹೊರಗಿನವರ ಕೈಗೆ ಕೊಟ್ಟು ನೋಡುವುದು ಬೀಟಾ. ಬೀಟಾದಲ್ಲಿ ಬೇಕಾದ್ದೆಲ್ಲ ಹೆಚ್ಚುಕಮ್ಮಿ ಸೇರಿದೆ, ಆದರೆ ಹುಳುಕು ಎಲ್ಲೆಲ್ಲಿದೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ಅದನ್ನು ಹುಡುಕುವ ಕೆಲಸ ಹಾಕಿಕೊಂಡವರದು. ಹೊಸ ಫೀಚರ್ ಎಲ್ಲರಿಗಿಂತ ಮೊದಲು ಸಿಗುವ ಖುಷಿಯಲ್ಲಿ ಈ ಮಾತು ಮರೆತೇ ಹೋಗುತ್ತದೆ.

ಜಿಮೇಲ್ 2004ರಿಂದ 2009ರವರೆಗೆ ಬೀಟಾ ಹಣೆಪಟ್ಟಿ ಹೊತ್ತುಕೊಂಡೇ ಓಡಾಡಿತು. ಅದನ್ನು ನೋಡಿ ‘ಬೀಟಾ ಅಂದ್ರೆ ಇಷ್ಟೇ ಅಲ್ವಾ’ ಅಂದುಕೊಂಡರೆ ಕಷ್ಟ. ಅದು ಬರೀ ಇಮೇಲ್ ಸೇವೆ. ಫೋನನ್ನೇ ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಮ್ ಕೈಕೊಟ್ಟರೆ ಅದರ ಮೇಲೆ ಕೂತಿರುವ ಕ್ಯಾಮೆರಾ, ಕರೆ, ಆ್ಯಪ್ ಎಲ್ಲವೂ ಅಲುಗಾಡುತ್ತವೆ.

ಬೀಟಾದಲ್ಲೂ ಮೆಟ್ಟಿಲುಗಳಿವೆ. ಆಪಲ್ ಐಫೋನಿನ ಆಪರೇಟಿಂಗ್ ಸಿಸ್ಟಮ್ ಆದ ಐಒಎಸ್‌ಗೆ ಸಾಮಾನ್ಯವಾಗಿ ಜೂನ್‌ನಲ್ಲಿ ಡೆವಲಪರ್ ಬೀಟಾ ಬಿಡುತ್ತದೆ, ಕೆಲವು ವಾರದ ಮೇಲೆ ಪಬ್ಲಿಕ್ ಬೀಟಾ, ಸೆಪ್ಟೆಂಬರ್ ಹೊತ್ತಿಗೆ ಅಂತಿಮ ಆವೃತ್ತಿ ಎಲ್ಲರಿಗೂ. ಮೊದಲನೆಯದು ಆ್ಯಪ್ ಬರೆಯುವವರಿಗೆ. ಉಳಿದವರು ಅದರ ಗೋಜಿಗೆ ಹೋಗದಿರುವುದೇ ವಾಸಿ.

ಒಮ್ಮೆ ನಾನು ಸುಮ್ನೆ ಕುತೂಹಲಕ್ಕೆ ದಿನಬಳಕೆಯ ಫೋನಿಗೇ ಬೀಟಾ ಹಾಕಿಕೊಂಡೆ. ಐಕಾನ್‌ಗಳು ಚೆನ್ನಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಿಸಿಯಾಗಿ ಜೇಬಿನಲ್ಲಿಡಲು ಆಗುತ್ತಿರಲಿಲ್ಲ. ಬ್ಯಾಂಕ್ ಆ್ಯಪ್ ಒತ್ತಿದರೆ ಬಿಳಿ ಪರದೆ ಒಂದು ಕ್ಷಣ ಕಂಡು ಮಾಯ. ಹಳೆಯದಕ್ಕೇ ಹೋಗೋಣ ಅಂತ ಸೆಟ್ಟಿಂಗ್ಸ್ ತೆರೆದಾಗ ವಿಷಯ ತಿಳಿಯಿತು: ಹಾಕಿಕೊಳ್ಳಲು ಒಂದು ಬಟನ್ ಒತ್ತಿದ್ದೆ, ತೆಗೆಯಲು ಇಡೀ ಫೋನನ್ನೇ ಅಳಿಸಬೇಕಿತ್ತು.

ಅಂದಿನಿಂದ ಬೀಟಾ ಕಂಡರೆ ಮೊದಲು ನೋಡುವುದು ವಾಪಸ್ ಬರುವ ದಾರಿ. ಗೂಗಲ್‌ನ ಪಿಕ್ಸೆಲ್ ಫೋನ್‌ನಲ್ಲಿ ಬೀಟಾವನ್ನು ಅರ್ಧಕ್ಕೆ ಬಿಟ್ಟು ಹಳೆಯ ಆವೃತ್ತಿಗೆ ಮರಳಿದರೆ ಫೋನಿನಲ್ಲಿರುವ ಡೇಟಾ ಪೂರ್ತಿ ಹೋಗುತ್ತದೆ. ಐಫೋನ್‌ನಲ್ಲಿ ಬೀಟಾ ಹಾಕಿದ ಮೇಲೆ ತೆಗೆದ ಬ್ಯಾಕಪ್ ಹಳೆಯ ಐಒಎಸ್‌ಗೆ ಹೊಂದದಿರಬಹುದು. ಹಾಗಾಗಿ ಹಾಕುವ ಮೊದಲೇ ಕಂಪ್ಯೂಟರ್‌ಗೆ ಬ್ಯಾಕಪ್ ತೆಗೆದು ಬೇರೆಯಾಗಿಟ್ಟುಕೊಳ್ಳಬೇಕು. ತಾಳ್ಮೆಯಿದ್ದರೆ ಅಂತಿಮ ಆವೃತ್ತಿ ಬರುವವರೆಗೆ ಕಾಯಬಹುದು, ಆಗ ಸಾಮಾನ್ಯವಾಗಿ ಏನೂ ಅಳಿಸದೆ ಹೊರಬರಲು ಸಾಧ್ಯ.

ಇಷ್ಟೆಲ್ಲ ಹೇಳಿದರೂ ಬೀಟಾ ಹಾಕುವವರು ಇಲ್ಲದಿದ್ದರೆ ಉಳಿದವರಿಗೇ ಪೆಟ್ಟು. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್ ಕೆಲವರ ಫೈಲ್‌ಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು. ತಮಾಷೆ ಏನೆಂದರೆ, ಪರೀಕ್ಷೆಗೆ ಸೇರಿದ್ದ ಕೆಲವರು ಈ ತೊಂದರೆಯನ್ನು ಮೊದಲೇ ಬರೆದು ತಿಳಿಸಿದ್ದರು. ಅದಕ್ಕೆ ‘ನನಗೂ ಹೀಗೇ ಆಗಿದೆ’ ಅನ್ನುವ ಬೇರೆಯವರ ವೋಟ್ ಜಾಸ್ತಿ ಬೀಳದೆ ದೂರುಗಳ ರಾಶಿಯಡಿ ಹೂತುಹೋಗಿತ್ತು. ಅಂದರೆ ದೋಷ ಕಂಡಾಗ ಬರೆದು ತಿಳಿಸುವ, ಬೇರೆಯವರು ಬರೆದಿದ್ದರೆ ವೋಟ್ ಹಾಕುವ ವ್ಯವಧಾನವಿದ್ದರೆ ಬೀಟಾ ಹಾಕಿಕೊಂಡದ್ದಕ್ಕೂ ಒಂದು ಅರ್ಥ.

ನನ್ನ ಹಳೆಯ ಫೋನ್ ಈಗ ಈ ಕೆಲಸಕ್ಕೇ ಮೀಸಲು. ಅದರಲ್ಲಿ ಸಿಮ್ ಇಲ್ಲ, ಬ್ಯಾಂಕ್ ಆ್ಯಪ್ ಇಲ್ಲ, ಫೋಟೋ ಒಂದೂ ಇಲ್ಲ. ಕೆಟ್ಟರೆ ಕೆಟ್ಟಿತು.