ಪೇಜ್‌ಮೇಕರ್ ಸಾಕಾ, ಇನ್‌ಡಿಸೈನ್ ಬೇಕಾ?

ಮೈಸೂರಿನ ಎಷ್ಟೋ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ) ಅಂಗಡಿಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ 7 ಓಡುತ್ತಿದೆ. ಪುಟ ಕಟ್ಟುವ ಈ ತಂತ್ರಾಂಶ 2001ರಲ್ಲಿ ಬಂದದ್ದು. ಆಮೇಲೆ ಅದನ್ನು ಮಾಡುತ್ತಿದ್ದ ಅಡೋಬಿ ಕಂಪನಿ ಅದೇ ಕೆಲಸದ ಹೊಸ ತಂತ್ರಾಂಶ ಇನ್‌ಡಿಸೈನ್ ಕಡೆ ತಿರುಗಿತು, ಪೇಜ್‌ಮೇಕರ್ ಅಲ್ಲಿಗೇ ನಿಂತಿತು. ಆದರೂ ಪುಸ್ತಕ ಮಾಡಿಸಲು ಬರುವ ಮೇಷ್ಟ್ರುಗಳು ಕೇಳುವುದು ಒಂದೇ: "ಹಳೇದರಲ್ಲೇ ಮಾಡಿಬಿಡಿ ಸಾರ್, ಪುಟ ಚೆನ್ನಾಗೇ ಬರುತ್ತಲ್ವಾ?"

ಬರುತ್ತದೆ. ಕಾಗದದ ಮೇಲೆ ನನ್ನದೇನೂ ತಕರಾರಿಲ್ಲ. ಶ್ರೀಲಿಪಿಯ ಹಳೇ ಫಾಂಟುಗಳ ಕೆಲವು ಅಕ್ಷರಗಳ ಚೆಲುವು ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿ) ಫಾಂಟುಗಳಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ತೊಂದರೆ ಇರುವುದು ಫೈಲಿನೊಳಗೆ.

ಪೇಜ್‌ಮೇಕರ್‌ಗೆ ಕನ್ನಡ ಗೊತ್ತೇ ಇಲ್ಲ. ಕನ್ನಡ ಬೆರಳಚ್ಚಿನ 'ನುಡಿ' ತಂತ್ರಾಂಶದ ಹಳೇ ಫಾಂಟು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ. ಅಲ್ಲಿ 'ಮ' ಅಂತ ಒಂದು ಅಕ್ಷರವೇ ಇರುವುದಿಲ್ಲ. 'ವ'ದ ತುಂಡು, ಅದಕ್ಕೊಂದು ತಲೆಕಟ್ಟು, ಮುಂದೆ ಕೊಂಬಿನಂಥ ಬಾಲ. ಮೂರೂ ಸೇರಿದರೆ ನಮ್ಮ ಕಣ್ಣಿಗೆ 'ಮ'. ಕಂಪ್ಯೂಟರಿಗೆ ಮಾತ್ರ ಅದು ಬೇರೆ ಬೇರೆ ಮೂರು ಚಿಹ್ನೆ. ಫಾಂಟು ಇಲ್ಲದ ಕಡೆ ತೆರೆದರೆ ಇಡೀ ಪುಸ್ತಕ ಯಾರಿಗೂ ಅರ್ಥವಾಗದ ಗೀಚು. ಒಂದು ಪದ ಹುಡುಕಲು ಬರುವುದಿಲ್ಲ. ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಪದಸೂಚಿ ಇರುವ ಪುಸ್ತಕವನ್ನು ಇದರಲ್ಲಿ ಮಾಡಿಸುತ್ತೇನೆ ಅನ್ನುವವರಿಗೆ ನಾನು ಕೈಮುಗಿದುಬಿಡುತ್ತೇನೆ.

ಹಾಗಾಗಿ ನಾನು ಮೊದಲು ಕೇಳುವುದು, ಈ ಬರಹ ಮತ್ತೆ ಬೇಕಾಗುತ್ತಾ ಅಂತ. ಮದುವೆ ಕಾರ್ಡು, ತಿಥಿ ಕಾರ್ಡು, ಜಾತ್ರೆಯ ಕರಪತ್ರ ಆದರೆ ಪೇಜ್‌ಮೇಕರ್ ಸಾಕು. ಕೈ ಪಳಗಿದ ಆಪರೇಟರ್ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ಅವನನ್ನು ಸುಮ್ನೆ ಹೊಸದಕ್ಕೆ ತಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಮಾನಸಗಂಗೋತ್ರಿಯ ವಿದ್ಯಾರ್ಥಿಯ ಪಿಎಚ್‌ಡಿ ಪ್ರಬಂಧ ಹಾಗಲ್ಲ. ಅದು ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕೂರುವಂಥದ್ದು. ಅಲ್ಲಿ ಯಾರೋ ಒಂದು ಪದ ಹುಡುಕಿದಾಗ ಒಳಗಿನ ಕನ್ನಡ ಸಿಗಬೇಕಲ್ವಾ? ಕಥೆ, ಕಾದಂಬರಿ, ಸಂಶೋಧನೆ, ಮುಂದೆ ಇ-ಬುಕ್ ಆಗಬಹುದಾದ ಯಾವುದೇ ಬರಹ ಯುನಿಕೋಡಿನಲ್ಲೇ ಇರಲಿ.

ಯುನಿಕೋಡ್ ಅರ್ಥವಾಗುವ ಹೊಸದರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಇನ್‌ಡಿಸೈನ್‌ಗೆ ಕನ್ನಡ ಸರಿಯಾಗಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಇಂಗ್ಲಿಷಿಗೆಂದು ಇಟ್ಟ ಸೆಟ್ಟಿಂಗ್‌ನಲ್ಲೇ ಕನ್ನಡ ಸುರಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಅದನ್ನು ನೋಡಿ "ಇನ್‌ಡಿಸೈನ್‌ನಲ್ಲಿ ಕನ್ನಡ ಬರಲ್ಲ" ಅಂತ ಎಷ್ಟೋ ಜನ ವಾಪಸ್ ಹೋಗಿದ್ದಾರೆ. ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಶನ್‌ನಲ್ಲಿ ಸಾಲು ಜೋಡಿಸುವ ಕಂಪೋಸರ್ ಅನ್ನು 'ವರ್ಲ್ಡ್ ರೆಡಿ'ಗೆ ಬದಲಿಸಿದರೆ ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ. ದೊಡ್ಡ ತಲೆನೋವು ದುಡ್ಡಿನದು. ಕ್ರಿಯೇಟಿವ್ ಕ್ಲೌಡ್ ಬಂದ ಮೇಲೆ ಚಂದಾ ಕಟ್ಟುತ್ತಲೇ ಇರಬೇಕು. ವರ್ಷಕ್ಕೆ ನಾಲ್ಕು ಪುಸ್ತಕ ಮಾಡುವ ಸಣ್ಣ ಅಂಗಡಿಗೆ ಅದು ಭಾರ. ಅಂಥವರು ಉಚಿತವಾಗಿ ಸಿಗುವ ಸ್ಕ್ರೈಬಸ್ ನೋಡಬಹುದು. ಅದರ 1.4 ಆವೃತ್ತಿಯಲ್ಲಿ ಕೈಸುಟ್ಟುಕೊಂಡವರು 2024ರಲ್ಲಿ ಬಂದ 1.6 ಹಾಕಿ ನೋಡಿ, ಅದು ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ.

ಗಣಿತದ ಪುಸ್ತಕವಾದರೆ ನನ್ನ ಮತ ಆಜ್ಞೆಗಳನ್ನು ಬರೆದು ಪುಟ ಕಟ್ಟುವ ಲೇಟೆಕ್‌ಗೆ. ಡೊನಾಲ್ಡ್ ಕ್ನೂತ್ ಅದರ ಬುಡವಾದ ಟೆಕ್ ಶುರು ಮಾಡಿದ್ದು 1970ರ ದಶಕದಲ್ಲಿ. ವಯಸ್ಸಿನಲ್ಲಿ ಪೇಜ್‌ಮೇಕರ್‌ಗಿಂತ ಹಿರಿದು! ಆದರೂ ಟೆಕ್‌ನ ಹೊಸ ರೂಪ ಝೀಟೆಕ್ ಬಂದ ಮೇಲೆ ಯುನಿಕೋಡ್ ಕನ್ನಡ ಅದರಲ್ಲಿ ಸಲೀಸು. ಫೈಲು ಬರೀ ಪಠ್ಯ, ಯಾವ ಎಡಿಟರಿನಲ್ಲಾದರೂ ತೆರೆಯುತ್ತದೆ. ಕಲಿಯಲು ತಾಳ್ಮೆ ಬೇಕು. ಕವನ ಸಂಕಲನಕ್ಕೆ ಆ ಪಾಡು ಬೇಡ.

ನಿಜವಾದ ಪೇಚು ಎರಡನೇ ಮುದ್ರಣದಲ್ಲಿ. ಲೇಖಕರು ಹಳೇ ಸಿಡಿ ಹಿಡಿದು ಬರುತ್ತಾರೆ. ಸಿಎಸ್6 ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿತ್ತು. ಚಂದಾದ ಇನ್‌ಡಿಸೈನ್ ತೆರೆಯುವುದಿಲ್ಲ. ಅದಕ್ಕೇ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ ಅನ್ನುತ್ತೇನೆ. ಪಠ್ಯ ಹೊರತೆಗೆದು ಯುನಿಕೋಡಿಗೆ ಬದಲಿಸಿದಾಗ ಇನ್ನೊಂದು ರಗಳೆ. ಸಾಲು ಒಡೆಯಲು ಆಪರೇಟರ್ ಕೈಯಾರೆ ಹಾಕಿದ ಅಡ್ಡಗೆರೆಗಳು ಈಗ ಪದದ ನಡುವೆ ಉಳಿದಿರುತ್ತವೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡವಾಗಿ ಏನೇನೋ ಆಗಿರುತ್ತವೆ. 'ಸೂರ್ಯ'ದ ಅರ್ಕಾವೊತ್ತು ಸರಿ ಬಂದರೆ 'ರ‍್ಯಾಂಕ್' ಕೆಟ್ಟಿರುತ್ತದೆ. ಪೂರ್ತಿ ಪುಸ್ತಕವನ್ನು ಮತ್ತೊಮ್ಮೆ ಕರಡು ತಿದ್ದದೆ ಗತಿಯಿಲ್ಲ. ಆ ಖರ್ಚನ್ನು ಮೊದಲೇ ಮಾತಾಡಿಕೊಳ್ಳಿ.

ಕೆಲಸ ಮುಗಿದಾಗ ಪಿಡಿಎಫ್ ಒಂದನ್ನೇ ತೆಗೆದುಕೊಂಡು ಹೋಗಬೇಡಿ. ಯುನಿಕೋಡಿನಲ್ಲಿ ಮಾಡಿದ ಪಿಡಿಎಫ್‌ನಿಂದ ನಕಲು ಮಾಡಿದರೂ ಕೆಲವೊಮ್ಮೆ ಒತ್ತು ಹಿಂದುಮುಂದಾಗುತ್ತದೆ. ಪುಟ ಕಟ್ಟಿದ ಮೂಲ ಫೈಲು, ಬಳಸಿದ ಫಾಂಟಿನ ಹೆಸರು, ಕೊನೆಯ ತಿದ್ದುಪಡಿ ಆದ ಪಠ್ಯ ಇಷ್ಟನ್ನೂ ಬಾಕಿ ಹಣ ಕೊಡುವ ಮುಂಚೆಯೇ ಕೇಳಿ ಪಡೆಯಿರಿ.