ಪ್ರತಿ ಟರ್ನ್ ಹೀಲ್ ಮಾಡಿದರೂ ಪಾರ್ಟಿ ಬೀಳುತ್ತಿದೆ, ಹೀಲರ್‌ನ ಹೇಗೆ ಕಟ್ಟಲಿ?

ಪ್ರಶ್ನೆ: ದಾಳ ಎಸೆದು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ಶುರು ಮಾಡಿ ನಾಲ್ಕು ತಿಂಗಳಾಯಿತು. ನನ್ನದು ಕ್ಲೆರಿಕ್, ಅಂದರೆ ದೇವರ ಶಕ್ತಿಯಿಂದ ಮಂತ್ರ ಹಾಕುವ ಪಾತ್ರ, ಈಗ ಮೂರನೇ ಲೆವೆಲ್. ಯಾರಿಗೆ ಪೆಟ್ಟು ಬಿದ್ದರೂ ನನ್ನ ಟರ್ನ್ ಬಂದ ತಕ್ಷಣ ಗಾಯ ಮಾಯಿಸುವ ಸ್ಪೆಲ್ (ಮಂತ್ರ) ಕ್ಯೂರ್ ವೂಂಡ್ಸ್ ಹಾಕುತ್ತೇನೆ. ಆದರೂ ಪ್ರತಿ ಸಲ ನಮ್ಮ ಪಾರ್ಟಿಯಲ್ಲಿ (ತಂಡದಲ್ಲಿ) ಯಾರಾದರೊಬ್ಬರು ನೆಲ ಕಚ್ಚುತ್ತಾರೆ. ಎರಡನೇ ಹೊಡೆದಾಟದ ಹೊತ್ತಿಗೆ, ಸ್ಪೆಲ್ ಹಾಕಲು ಇಷ್ಟೇ ಅಂತ ಸಿಗುವ ನನ್ನ ಸ್ಲಾಟ್‌ಗಳೆಲ್ಲ ಖಾಲಿ. ನಿಜ ಹೇಳಬೇಕೆಂದರೆ ಬೇಜಾರೂ ಆಗುತ್ತಿದೆ. ಉಪಯೋಗಕ್ಕೆ ಬರುವಂಥ ಹೀಲರ್‌ನ ಕಟ್ಟೋದು ಹೇಗೆ?

ಉತ್ತರ: ಹೊಸದಾಗಿ ಕ್ಲೆರಿಕ್ ಹಿಡಿದವರೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆ ಕೇಳುತ್ತಾರೆ, ಕೇಳುವವರೆಲ್ಲ ಮನಸ್ಸಿಟ್ಟು ಆಡುವವರೇ. ನೀವು ಮೈಗಳ್ಳತನ ಮಾಡುತ್ತಿಲ್ಲ. ನಿಮ್ಮ ಶ್ರಮವೆಲ್ಲ ತಪ್ಪು ಹೊತ್ತಿನಲ್ಲಿ ಖರ್ಚಾಗುತ್ತಿದೆ, ಅಷ್ಟೆ. ಮೊದಲು ಅದು ಎಲ್ಲಿ ಸೋರುತ್ತಿದೆ ಅಂತ ನೋಡೋಣ. ಕ್ಯಾರೆಕ್ಟರ್ ಶೀಟ್ ಆಮೇಲೆ.

ಒಂದು ಹೊಡೆದಾಟವನ್ನು ನಿಧಾನವಾಗಿ ಬಿಡಿಸಿ ನೋಡಿ. ಸೇತುವೆಯ ಮೇಲೆ ಎರಡು ಓಗರ್, ಅಂದರೆ ದೈತ್ಯ ರಾಕ್ಷಸರು. ಎದುರಿಗೆ ನಿಮ್ಮ ಫೈಟರ್, ಮೂರನೇ ಲೆವೆಲ್, 28 ಹಿಟ್ ಪಾಯಿಂಟ್ (ಜೀವದ ಅಂಕ). ಓಗರ್‌ನ ದೊಣ್ಣೆ ಒಂದು ಸಲ ತಗುಲಿದರೆ 2ಡಿ8ಕ್ಕೆ (ಎಂಟು ಮುಖದ ಎರಡು ದಾಳ) 4 ಸೇರಿಸಿ, ಸರಾಸರಿ 13. ಮೊದಲ ಸುತ್ತಿನಲ್ಲಿ ಒಂದು ಏಟು ಬಿತ್ತು, ಫೈಟರ್ 15ಕ್ಕೆ ಇಳಿದ. ನಿಮ್ಮ ಟರ್ನ್ ಬಂತು. ಓಡಿ ಹೋಗಿ ಮುಟ್ಟಿ ಕ್ಯೂರ್ ವೂಂಡ್ಸ್ ಹಾಕಿದಿರಿ. ದಾಳದಲ್ಲಿ 4 ಬಿತ್ತು, ಕ್ಲೆರಿಕ್‌ನ ಮಂತ್ರಬಲ ಅಳೆಯುವ ವಿಸ್ಡಮ್‌ನಿಂದ 3, ಒಟ್ಟು 7. ಫೈಟರ್ 22ಕ್ಕೆ ಏರಿದ. ಎರಡನೇ ಸುತ್ತಿನಲ್ಲಿ ಎರಡೂ ಓಗರ್‌ಗಳ ಏಟು ತಗುಲಿತು, 12 ಮತ್ತು 15, ಒಟ್ಟು 27. ಫೈಟರ್ ಬಿದ್ದ.

ಈಗ ನಿಮ್ಮ 7 ಪಾಯಿಂಟ್ ತೆಗೆದುಬಿಟ್ಟು ಲೆಕ್ಕ ಹಾಕಿ. 15ರಲ್ಲಿದ್ದವನಿಗೆ 27 ಬಿದ್ದರೂ ಅವನು ಬೀಳುತ್ತಾನೆ, 22ರಲ್ಲಿದ್ದವನಿಗೆ ಬಿದ್ದರೂ ಬೀಳುತ್ತಾನೆ. ನಿಮ್ಮ ಒಂದು ಸ್ಲಾಟ್ ಮತ್ತು ಒಂದು ಇಡೀ ಟರ್ನ್ ಏನನ್ನೂ ಬದಲಾಯಿಸಲಿಲ್ಲ. ಜೊತೆಗೆ ನೀವೀಗ ಓಗರ್‌ನ ದೊಣ್ಣೆಗೆ ಎಟುಕುವಷ್ಟು ಹತ್ತಿರ ನಿಂತಿದ್ದೀರಿ.

ಇದರ ಮೂಲ ಈ ಆಟದ ಒಂದು ನಿಯಮದಲ್ಲಿದೆ: 1 ಹಿಟ್ ಪಾಯಿಂಟ್ ಇರುವವನು 28 ಇರುವವನಷ್ಟೇ ಜೋರಾಗಿ ಕತ್ತಿ ಬೀಸುತ್ತಾನೆ. ಗಾಯವಾಯಿತೆಂದು ಕೈ ನಡುಗುವುದಿಲ್ಲ, ಹೆಜ್ಜೆ ತಡವಾಗುವುದಿಲ್ಲ. ವ್ಯತ್ಯಾಸ ಇರುವುದು 1ಕ್ಕೂ 0ಗೂ ನಡುವೆ ಮಾತ್ರ. ಸೊನ್ನೆಗೆ ಇಳಿದವನ ಟರ್ನ್ ಹೋಗುತ್ತದೆ, ಕೈಲಿದ್ದದ್ದು ಜಾರಿ ಬೀಳುತ್ತದೆ, ಹಾಕಿದ ಸ್ಪೆಲ್ ಹಿಡಿದಿಡುವ ಕಾನ್ಸಂಟ್ರೇಶನ್ ಮುರಿಯುತ್ತದೆ, ಬದುಕೋ ಸಾವೋ ಅಂತ ದಾಳ ಎಸೆಯುವ ಡೆತ್ ಸೇವ್ ಶುರುವಾಗುತ್ತದೆ. ಹಾಗಾಗಿ ಹೀಲರ್ ಕಾಯಬೇಕಾದ್ದು ಗೆಳೆಯರ ಟರ್ನ್‌ಗಳನ್ನು. ಹಿಟ್ ಪಾಯಿಂಟ್ ಅದಕ್ಕೆ ಒಂದು ಸಾಧನ. ಸ್ಪೆಲ್ ಆರಿಸುವಾಗ, ಆರ್ಮರ್ ಕೊಳ್ಳುವಾಗ, ಎಲ್ಲಿ ನಿಲ್ಲಬೇಕು ಅಂತ ಯೋಚಿಸುವಾಗ, ಪ್ರತಿ ಸಲ ಕೇಳಿಕೊಳ್ಳಿ: ಇದರಿಂದ ನಮ್ಮವರ ಯಾವ ಟರ್ನ್ ಉಳಿಯುತ್ತದೆ?

ಅದೇ ಸೇತುವೆಗೆ ವಾಪಸ್ ಬನ್ನಿ. ಮೊದಲ ಸುತ್ತಿನಲ್ಲಿ ಕ್ಯೂರ್ ವೂಂಡ್ಸ್ ಬದಲು ಎದುರಾಳಿಗೆ ಆಜ್ಞೆ ಕೊಡುವ ಕಮಾಂಡ್ ಸ್ಪೆಲ್ ಹಾಕಿದ್ದರೆ? ಎರಡನೇ ಲೆವೆಲ್ ಸ್ಲಾಟ್‌ನಿಂದ ಹಾಕಿದರೆ ಎರಡೂ ಓಗರ್‌ಗಳ ಮೇಲೆ ಒಟ್ಟಿಗೆ ಹಾಕಬಹುದು. 'ಗ್ರೊವೆಲ್' ಅನ್ನುವ ಆಜ್ಞೆ ಕೊಟ್ಟರೆ ಅವು ತಮ್ಮ ಸರದಿಯಲ್ಲಿ ನೆಲಕ್ಕೆ ಬಿದ್ದು ಅಲ್ಲಿಗೇ ಟರ್ನ್ ಮುಗಿಸಬೇಕು. ಓಗರ್ ಬುದ್ಧಿ ಮಂದ, ವಿಸ್ಡಮ್ 7, ಅಂದರೆ ದಾಳದಲ್ಲಿ ಬಿದ್ದದ್ದರಿಂದ 2 ಕಳೆಯಬೇಕು. ನಿಮ್ಮ ಸೇವ್ ಡಿಸಿ (ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) 13 ಇದ್ದರೆ ಓಗರ್ 20 ಮುಖದ ದಾಳದಲ್ಲಿ 15 ಅಥವಾ ಮೇಲೆ ಎಸೆಯಬೇಕು. ಅಂದರೆ ಹತ್ತರಲ್ಲಿ ಏಳು ಸಲ ಅದು ನೆಲಕ್ಕೆ. ಬಿದ್ದ ಓಗರ್ ಮೇಲೆ ಪಕ್ಕದಲ್ಲಿ ನಿಂತು ಹೊಡೆಯುವವರಿಗೆ ಅಡ್ವಾಂಟೇಜ್ (ದಾಳ ಎರಡು ಸಲ ಎಸೆದು ದೊಡ್ಡದನ್ನು ಹಿಡಿಯುವ ಅವಕಾಶ) ಬೇರೆ. ನೀವು ಒಂದೇ ಒಂದು ಪಾಯಿಂಟ್ ಹೀಲ್ ಮಾಡಲಿಲ್ಲ, ಆದರೂ ಫೈಟರ್‌ಗೆ ಬೀಳಬೇಕಿದ್ದ ಏಟು ಬೀಳಲಿಲ್ಲ. ಇದನ್ನು ನಾನು ಹೀಲಿಂಗ್ ಅಂತಲೇ ಕರೆಯುತ್ತೇನೆ. ತೂತು ಬಿಂದಿಗೆಗೆ ನೀರು ಸುರಿಯುವುದಕ್ಕಿಂತ ತೂತು ಮುಚ್ಚುವುದು ಅಗ್ಗ.

ಬ್ಲೆಸ್ ಕೂಡ ಇದೇ ಜಾತಿಯದು. ಮೂವರಿಗೆ, ಒಂದು ನಿಮಿಷದವರೆಗೆ, ಪ್ರತಿ ಅಟ್ಯಾಕ್‌ಗೂ ಪ್ರತಿ ಸೇವ್‌ಗೂ ಒಂದು ಡಿ4 ಸೇರುತ್ತದೆ. ರಾಕ್ಷಸ ಒಂದು ಸುತ್ತು ಬೇಗ ಸತ್ತರೆ ಆ ಸುತ್ತಿನ ಏಟುಗಳೆಲ್ಲ ಉಳಿದವು. ಮೊದಲ ಲೆವೆಲ್‌ನ ಒಂದೇ ಸ್ಲಾಟ್‌ಗೆ ಇದಕ್ಕಿಂತ ಒಳ್ಳೆ ವ್ಯಾಪಾರ ನನಗೆ ಗೊತ್ತಿಲ್ಲ. ಆದರೆ ಅದಕ್ಕೆ ಕಾನ್ಸಂಟ್ರೇಶನ್ ಬೇಕು. ಏಟು ಬಿದ್ದಾಗಲೆಲ್ಲ ದೇಹದ ತಾಳಿಕೆ ಅಳೆಯುವ ಕಾನ್‌ಸ್ಟಿಟ್ಯೂಶನ್ ಸೇವ್ ಎಸೆಯಬೇಕಾಗುತ್ತದೆ, ಡಿಸಿ 10 ಅಥವಾ ಬಿದ್ದ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ಹೀಲರ್‌ಗೆ ವಿಸ್ಡಮ್ ಆದ ಮೇಲೆ ಕಾನ್‌ಸ್ಟಿಟ್ಯೂಶನ್ನೇ ಮುಖ್ಯ ಅನ್ನುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಮಾಡಿದರೂ ಯಾರೋ ಬೀಳುತ್ತಾರೆ. ಆಗ ನಿಮ್ಮ ಕೈಲಿರಬೇಕಾದ್ದು ಹೀಲಿಂಗ್ ವರ್ಡ್. ಕ್ಯೂರ್ ವೂಂಡ್ಸ್‌ಗಿಂತ ದಾಳ ಚಿಕ್ಕದು ಅಂತ ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಅದು 60 ಅಡಿ ದೂರದಿಂದ ತಲುಪುತ್ತದೆ, ಮುಖ್ಯ ಆಕ್ಷನ್ ಜೊತೆಗೆ ಸಿಗುವ ಚಿಕ್ಕ ಬೋನಸ್ ಆಕ್ಷನ್‌ನಲ್ಲಿ ಮುಗಿಯುತ್ತದೆ. ಬಿದ್ದ ಫೈಟರ್ 5 ಪಾಯಿಂಟ್‌ಗೆ ಕಣ್ಣು ಬಿಟ್ಟ, ತನ್ನ ಟರ್ನ್‌ನಲ್ಲಿ ಅರ್ಧ ಮೂವ್‌ಮೆಂಟ್ ಖರ್ಚು ಮಾಡಿ ಎದ್ದ, ಕತ್ತಿ ಎತ್ತಿಕೊಂಡ, ಹೊಡೆದ. ನಿಮ್ಮ ಆಕ್ಷನ್ ಹಾಗೇ ಉಳಿದಿದೆ, ಅದರಲ್ಲಿ ಸೇಕ್ರೆಡ್ ಫ್ಲೇಮ್ ಎಸೆಯಿರಿ. ಅದು ಸ್ಲಾಟ್ ಬೇಡದ ಕ್ಯಾಂಟ್ರಿಪ್ ಆದ್ದರಿಂದ ಆಟದ ಪುಸ್ತಕದ 2014ರ ನಿಯಮದಲ್ಲೂ 2024ರ ನಿಯಮದಲ್ಲೂ ಅಡ್ಡಿಯಿಲ್ಲ. ಈ ಆಟದಲ್ಲಿ ಹಿಟ್ ಪಾಯಿಂಟ್ ಸೊನ್ನೆಯ ಕೆಳಗೆ ಇಳಿಯುವುದಿಲ್ಲ ಅನ್ನುವುದನ್ನೂ ನೆನಪಿಡಿ. 2 ಪಾಯಿಂಟ್ ಇದ್ದವನಿಗೆ 13 ಬಿದ್ದರೆ 11 ಪಾಯಿಂಟ್ ಏಟು ಗಾಳಿಗೆ ಹೋಯಿತು. ಬಿದ್ದ ಮೇಲೆ ಎಬ್ಬಿಸುವುದು ಲೆಕ್ಕದಲ್ಲಿ ಲಾಭ ಅನ್ನುವುದು ಅದಕ್ಕೇ.

ಇಲ್ಲಿ ಇನಿಶಿಯೇಟಿವ್ ಪಟ್ಟಿ (ಯಾರ ಟರ್ನ್ ಯಾರಾದ ಮೇಲೆ) ನೋಡಿಕೊಳ್ಳುವುದು ತುಂಬಾ ಮುಖ್ಯ, ಇದನ್ನು ಹೇಳಿಕೊಡುವವರು ಕಡಿಮೆ. ನಿಮ್ಮ ಟರ್ನ್ ಆದ ಮೇಲೆ ಬಿದ್ದವನ ಟರ್ನ್, ಆಮೇಲೆ ಓಗರ್ ಅಂತಿದ್ದರೆ ಈಗಲೇ ಎಬ್ಬಿಸಿ. ನಿಮಗೂ ಬಿದ್ದವನಿಗೂ ನಡುವೆ ಓಗರ್ ಇದ್ದರೆ, 5 ಪಾಯಿಂಟ್‌ಗೆ ಕಣ್ಣು ಬಿಟ್ಟವನನ್ನು ಅದು ಮತ್ತೆ ಮಲಗಿಸುತ್ತದೆ, ನಿಮ್ಮ ಸ್ಲಾಟ್ ಮಣ್ಣುಪಾಲು. ಅಂಥ ಹೊತ್ತಿನಲ್ಲಿ ಮೊದಲು ಓಗರ್‌ನ ನೋಡಿಕೊಳ್ಳಿ.

ಹಾಗಂತ ಬೀಳಲಿ ಬಿಡು ಅಂತ ಕಾಯುತ್ತ ಕೂರುವುದೂ ಅಪಾಯ. ಬಿದ್ದವನ ಪಕ್ಕದಲ್ಲೇ ನಿಂತು ಒಂದು ಏಟು ಹಾಕಿದರೆ ಅದು ತಾನಾಗೇ ಕ್ರಿಟಿಕಲ್ (ದಾಳಗಳು ಇಮ್ಮಡಿಯಾಗುವ ಏಟು), ಎರಡು ಡೆತ್ ಸೇವ್ ಸೋತಂತೆ. ಮೂರು ಸೋತರೆ ಸಾವು. ಅಂದರೆ ಅಂಥ ಎರಡು ಏಟು ಸಾಕು. ಬಿದ್ದವರ ಮೇಲೂ ಹೊಡೆಸುವ ಡಿಎಂ (ಆಟ ನಡೆಸುವವರು) ನಿಮಗಿದ್ದರೆ ಕಾಯುವ ತಂತ್ರ ನಡೆಯುವುದಿಲ್ಲ. ಒಂದು ಮತ್ತು ಎರಡನೇ ಲೆವೆಲ್‌ನಲ್ಲಂತೂ ಇನ್ನೂ ಹುಷಾರು ಬೇಕು. ಸೊನ್ನೆ ತಲುಪಿ ಮಿಕ್ಕ ಏಟು ಅವರ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಡೆತ್ ಸೇವ್ ಇಲ್ಲದೇ ನೇರವಾಗಿ ಸಾವು. 12 ಪಾಯಿಂಟ್‌ನ ಫೈಟರ್ 3ಕ್ಕೆ ಇಳಿದಿರುವಾಗ ಓಗರ್ ಕ್ರಿಟ್ ಹೊಡೆದರೆ ಸರಾಸರಿ 22. ಮಿಕ್ಕದ್ದು 19. ಕಥೆ ಮುಗಿಯಿತು. ಆ ಲೆವೆಲ್‌ಗಳಲ್ಲಿ ಗಾಯಗೊಂಡವರನ್ನು ಬೀಳುವ ಮೊದಲೇ ಮೇಲಕ್ಕೆತ್ತುವುದು ಸರಿ. ನೀವು ಅಲ್ಲಿ ಕಲಿತ ಅಭ್ಯಾಸವನ್ನೇ ಮೂರನೇ ಲೆವೆಲ್‌ಗೂ ತಂದಿದ್ದೀರಿ ಅಂತ ನನ್ನ ಊಹೆ.

ಇನ್ನು ಕಟ್ಟುವ ವಿಷಯ. ಮೊದಲು ನಿಮ್ಮ ಟೇಬಲ್‌ನಲ್ಲಿರುವುದು ಐದನೇ ಆವೃತ್ತಿಯ 2014ರ ಪುಸ್ತಕವೋ 2024ರ ಪರಿಷ್ಕೃತ ಪುಸ್ತಕವೋ ಕೇಳಿ. ಹೊಸದರಲ್ಲಿ ಕ್ಯೂರ್ ವೂಂಡ್ಸ್ 1ಡಿ8ರಿಂದ 2ಡಿ8ಕ್ಕೆ, ಹೀಲಿಂಗ್ ವರ್ಡ್ 1ಡಿ4ರಿಂದ 2ಡಿ4ಕ್ಕೆ ಏರಿದೆ. ವಿಸ್ಡಮ್ 16 ಇದ್ದರೆ ಕ್ಯೂರ್ ವೂಂಡ್ಸ್ ಸರಾಸರಿ ಏಳೂವರೆಯಿಂದ 12ಕ್ಕೆ ಬಂತು, ಓಗರ್‌ನ ಒಂದು ಏಟಿಗೆ ಹತ್ತಿರ ಹತ್ತಿರ ಸಮ. ಮೇಲೆ ಹೇಳಿದ ಲೆಕ್ಕ ಹೊಸ ಪುಸ್ತಕದಲ್ಲಿ ಸ್ವಲ್ಪ ಸಡಿಲವಾಗುತ್ತದೆ. ನಾನಂತೂ ಈ ಬದಲಾವಣೆ ಸ್ವಾಗತಿಸುತ್ತೇನೆ, ಹೀಲ್ ಮಾಡಿದವರಿಗೆ ಮಾಡಿದ ತೃಪ್ತಿ ಸಿಗಬೇಕು.

ಹೀಲಿಂಗೇ ನಿಮ್ಮ ಆಸೆ ಅಂತಾದರೆ ಕ್ಲೆರಿಕ್‌ನ ಶಾಖೆಗಳಲ್ಲೊಂದಾದ ಲೈಫ್ ಡೊಮೇನ್ ಹಿಡಿಯಿರಿ. ಸ್ಲಾಟ್ ಖರ್ಚು ಮಾಡಿ ಹೀಲ್ ಮಾಡಿದಾಗಲೆಲ್ಲ 2 ಮತ್ತು ಸ್ಪೆಲ್ ಲೆವೆಲ್‌ನಷ್ಟು ಹೆಚ್ಚುವರಿ ಸಿಗುತ್ತದೆ, ಮೊದಲ ಲೆವೆಲ್ ಸ್ಪೆಲ್‌ಗೆ 3. ಚಿಕ್ಕ ದಾಳದ ಹೀಲಿಂಗ್ ವರ್ಡ್‌ಗೆ ಈ 3 ತುಂಬಾ ದೊಡ್ಡದು. ಅದಕ್ಕಿಂತ ಮುಖ್ಯ ಪ್ರಿಸರ್ವ್ ಲೈಫ್: ನಿಮ್ಮ ಲೆವೆಲ್‌ನ ಐದು ಪಟ್ಟು ಪಾಯಿಂಟ್, ಅಂದರೆ ಮೂರನೇ ಲೆವೆಲ್‌ನಲ್ಲಿ 15. ಅದನ್ನು 30 ಅಡಿಯೊಳಗೆ ಇರುವವರಿಗೆ ನಿಮಗಿಷ್ಟ ಬಂದ ಹಾಗೆ ಹಂಚಬಹುದು, ಯಾರನ್ನೂ ಅವರ ಪೂರ್ತಿಯ ಅರ್ಧಕ್ಕಿಂತ ಮೇಲೆ ಏರಿಸುವಂತಿಲ್ಲ ಅಷ್ಟೆ. ಸ್ಲಾಟ್ ಬೇಡ, ಶಾರ್ಟ್ ರೆಸ್ಟ್ ಆದ ಮೇಲೆ ಮತ್ತೆ ಸಿಗುತ್ತದೆ. ಇದನ್ನು ಮರೆತು ಕೂರುವ ಕ್ಲೆರಿಕ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ, ಶೀಟ್‌ನ ಮೇಲ್ಭಾಗದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಸ್ಟ್ಯಾಂಡರ್ಡ್ ಅರೇ (ಗುಣಗಳಿಗೆ ಹಂಚಲು ಪುಸ್ತಕವೇ ಕೊಡುವ ಸಿದ್ಧ ಅಂಕಗಳು) ಆದರೆ ವಿಸ್ಡಮ್‌ಗೆ 15, ಕಾನ್‌ಸ್ಟಿಟ್ಯೂಶನ್‌ಗೆ 14, ಸ್ಟ್ರೆಂತ್‌ಗೆ 13 ಇಡಿ. ಸ್ಟ್ರೆಂತ್ 13 ಯಾಕೆಂದರೆ ಚೈನ್ ಮೇಲ್ (ಸರಪಳಿ ಕವಚ) ಹಾಕಿ ವೇಗ ಕಳೆದುಕೊಳ್ಳದಿರಲು ಅಷ್ಟು ಬೇಕು. ಚೈನ್ ಮೇಲ್ 16, ಶೀಲ್ಡ್ 2, ಒಟ್ಟು ಎಸಿ (ನಿಮಗೆ ಏಟು ತಗುಲಿಸಲು ಮುಟ್ಟಬೇಕಾದ ಸಂಖ್ಯೆ) 18. 2014ರಲ್ಲಿ ಲೈಫ್ ಡೊಮೇನ್ ಜೊತೆಗೇ ಹೆವಿ ಆರ್ಮರ್ ಬರುತ್ತದೆ. 2024ರಲ್ಲಿ ಒಂದನೇ ಲೆವೆಲ್‌ನಲ್ಲಿ 'ಪ್ರೊಟೆಕ್ಟರ್' ಆರಿಸಿದವರಿಗೆ ಸಿಗುತ್ತದೆ. ಬ್ಲೆಸ್ ಮತ್ತು ಕ್ಯೂರ್ ವೂಂಡ್ಸ್ ಡೊಮೇನ್‌ನಿಂದ ಬಿಟ್ಟಿಯಾಗಿ ಸಿಗುವುದರಿಂದ ಮಿಕ್ಕ ಜಾಗಕ್ಕೆ ಹೀಲಿಂಗ್ ವರ್ಡ್, ಕಮಾಂಡ್, ಗೈಡಿಂಗ್ ಬೋಲ್ಟ್, ಸ್ಯಾಂಕ್ಚುರಿ ತುಂಬಿ. ಕ್ಲೆರಿಕ್‌ಗೆ ದೊಡ್ಡ ಅನುಕೂಲವೆಂದರೆ ಲಾಂಗ್ ರೆಸ್ಟ್ ಆದಾಗಲೆಲ್ಲ ಪಟ್ಟಿ ಬದಲಾಯಿಸಬಹುದು. ನಾಳೆ ಹೋಗುವ ಜಾಗ ಯಾವುದೆಂದು ಇವತ್ತೇ ಕೇಳಿ ತಿಳಿದುಕೊಳ್ಳಿ.

ಏಡ್ ಅನ್ನುವ ಸ್ಪೆಲ್ ಬಗ್ಗೆ ಬೇರೆಯಾಗೇ ಹೇಳಬೇಕು. ಎರಡನೇ ಲೆವೆಲ್ ಸ್ಲಾಟ್, ಮೂವರಿಗೆ 5 ಹಿಟ್ ಪಾಯಿಂಟ್ ಹೆಚ್ಚು, ಎಂಟು ಗಂಟೆ, ಕಾನ್ಸಂಟ್ರೇಶನ್ ಬೇಡ. ಬೆಳಿಗ್ಗೆಯೇ ಹಾಕಿ ಹೊರಟರೂ ಸರಿ. ಆದರೆ ಅದು ಸದ್ಯದ ಹಿಟ್ ಪಾಯಿಂಟನ್ನೂ ಏರಿಸುವುದರಿಂದ, 30 ಅಡಿಯೊಳಗೆ ಮೂವರು ಒಟ್ಟಿಗೆ ಬಿದ್ದಿದ್ದರೆ ಮೂವರನ್ನೂ ಒಂದೇ ಸಲ ಎಬ್ಬಿಸುತ್ತದೆ. ಒಂದು ಸಲ ಇದನ್ನು ಮಾಡಿ ನೋಡಿ, ಟೇಬಲ್ ಸುತ್ತ ಕೂತವರ ಮುಖ ಮರೆಯುವುದಿಲ್ಲ.

ಬೇರೆ ಕ್ಲಾಸ್ ಬೇಕೆನ್ನುವವರಿಗೆ ಬಾರ್ಡ್ ಮತ್ತು ಡ್ರುಯಿಡ್ ಇಬ್ಬರಿಗೂ ಹೀಲಿಂಗ್ ವರ್ಡ್ ಇದೆ. ಪ್ಯಾಲಡಿನ್‌ನ ಲೇ ಆನ್ ಹ್ಯಾಂಡ್ಸ್ ಲೆವೆಲ್‌ನ ಐದು ಪಟ್ಟಿನ ಖಜಾನೆ. ಒಂದೊಂದೇ ಪಾಯಿಂಟ್ ಖರ್ಚು ಮಾಡಿದರೆ ಮೂರನೇ ಲೆವೆಲ್‌ನಲ್ಲಿ 15 ಸಲ ಬಿದ್ದವರನ್ನು ಎಬ್ಬಿಸಬಹುದು. ಮುಟ್ಟುವಷ್ಟು ಹತ್ತಿರ ಹೋಗಬೇಕು ಅನ್ನುವುದೊಂದೇ ಕಷ್ಟ.

ಸ್ಲಾಟ್ ಖಾಲಿಯಾಗುವ ನಿಮ್ಮ ದೂರಿಗೆ ಅರ್ಧ ಉತ್ತರ ಇರುವುದು ಹೊಡೆದಾಟದ ಹೊರಗೆ. ಒಂದು ಗಂಟೆಯ ಶಾರ್ಟ್ ರೆಸ್ಟ್‌ನಲ್ಲಿ ಎಲ್ಲರೂ ತಮ್ಮ ಹಿಟ್ ಡೈಸ್ (ಚೇತರಿಕೆಗೆಂದೇ ಇರುವ ದಾಳಗಳು) ಎಸೆದು ತಾವೇ ಚೇತರಿಸಿಕೊಳ್ಳಬಹುದು. ಸಮಯವಿರುವಾಗ ನಿಮ್ಮ ಸ್ಲಾಟ್‌ನಿಂದ ಗಾಯ ತುಂಬಿಸಿಕೊಳ್ಳುವ ಅಭ್ಯಾಸವನ್ನು ಪಾರ್ಟಿಗೆ ಬಿಡಿಸಿ. 5 ಗೋಲ್ಡ್ ಪೀಸ್‌ನ ಹೀಲರ್ಸ್ ಕಿಟ್ 10 ಸಲ ಬರುತ್ತದೆ, ಬಿದ್ದವರನ್ನು ಸಾವಿನಿಂದ ತಡೆಯಲು ಅದು ಯಾರ ಕೈಲಿದ್ದರೂ ಸಾಕು. ಮತ್ತೆ ಎಲ್ಲರ ಹತ್ತಿರವೂ ಒಂದೊಂದು ಹೀಲಿಂಗ್ ಪೋಶನ್ ಇರಲೇಬೇಕು, ಬೆಲೆ 50, ಸಿಗುವುದು 2ಡಿ4ಕ್ಕೆ 2 ಸೇರಿಸಿ. ಅದು ನಿಮಗೋಸ್ಕರ. ನೀವೇ ಬಿದ್ದಾಗ ಎಬ್ಬಿಸುವವರು ಯಾರು ಅಂತ ಪಾರ್ಟಿಯಲ್ಲಿ ಯಾರೂ ಯೋಚಿಸಿರುವುದಿಲ್ಲ.

ಐದನೇ ಲೆವೆಲ್ ಬಂದಾಗ ಸತ್ತವರನ್ನು ಬದುಕಿಸುವ ರಿವಿವಿಫೈ ಸ್ಪೆಲ್ ಸಿಗುತ್ತದೆ. ಲಕ್ಷ್ಮಣ ಬಿದ್ದಾಗ ಹನುಮಂತನಿಗೆ ಬೆಟ್ಟ ಹೊತ್ತು ತರುವಷ್ಟು ಹೊತ್ತಿತ್ತು. ನಿಮಗೆ ಸತ್ತ ಮೇಲೆ ಒಂದು ನಿಮಿಷ ಮಾತ್ರ, ಅಂದರೆ ಹತ್ತು ಸುತ್ತು. ಸಂಜೀವಿನಿ ಆಗಲೇ ಜೇಬಿನಲ್ಲಿರಬೇಕು. ಇಲ್ಲಿ ಆ ಸಂಜೀವಿನಿ 300 ಗೋಲ್ಡ್ ಪೀಸ್ ಬೆಲೆಯ ವಜ್ರ, ಒಂದು ಸಲ ಬಳಸಿದರೆ ಕರಗಿಹೋಗುತ್ತದೆ. ನನ್ನ ಟೇಬಲ್‌ನಲ್ಲಿ ಒಬ್ಬಳು ಆಟಗಾರ್ತಿ ಮೂರನೇ ಲೆವೆಲ್‌ನಿಂದಲೇ ಸಿಕ್ಕ ದುಡ್ಡಿನಲ್ಲಿ ಪಾರ್ಟಿಯ ಪಾಲಿಗೆ ಮೊದಲು ಅದನ್ನು ಎತ್ತಿಡುತ್ತಿದ್ದಳು. ಯಾರೂ ಕೇಳಿರಲಿಲ್ಲ. ಎತ್ತಿಡುವಾಗ ಒಬ್ಬೊಬ್ಬರನ್ನೇ ಕರೆದು ತನ್ನ ಕ್ಲೆರಿಕ್‌ನ ಬಾಯಲ್ಲೇ ಕೇಳುತ್ತಿದ್ದಳು: "ನೀನು ಸತ್ತರೆ ವಾಪಸ್ ಕರೀಲಾ, ಬೇಡ್ವಾ?" ಆಟದ ನಿಯಮದಲ್ಲೂ ಬರಲು ಒಪ್ಪದ ಆತ್ಮವನ್ನು ಎಳೆದು ತರಲಾಗದು. ಇಬ್ಬರು ಕರೀ ಅಂದರು. ಮುದುಕ ವಿಝರ್ಡ್ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಹೆಂಡತಿ ಆ ಕಡೆ ಇದ್ದಾಳೆ, ನನ್ನ ಪಾಲಿನ ವಜ್ರ ಈ ಹುಡುಗರಿಗಿರಲಿ ಅಂದ. ಆ ದಿನ ನಾವು ಒಂದು ಹೊಡೆದಾಟವನ್ನೂ ಆಡಲಿಲ್ಲ.

ಬೇಜಾರು ಅಂದಿರಲ್ಲ, ಅದಕ್ಕೆ ನನ್ನ ಹತ್ತಿರವಿರುವ ಉತ್ತರ ಇದೇ. ಮುಂದಿನ ಸೆಶನ್‌ಗೆ ಹೀಲಿಂಗ್ ವರ್ಡ್ ಮತ್ತು ಕಮಾಂಡ್ ಬರೆದುಕೊಂಡು ಹೋಗಿ, ಕ್ಯೂರ್ ವೂಂಡ್ಸನ್ನು ಹೊಡೆದಾಟ ಮುಗಿಯುವವರೆಗೆ ಮುಟ್ಟಬೇಡಿ. ಶಾರ್ಟ್ ರೆಸ್ಟ್‌ಗೆ ಕೂತಾಗ ನಿಮ್ಮ ಫೈಟರ್‌ಗೆ ಆ ಪ್ರಶ್ನೆ ಕೇಳಿ.